ಹಳೆಯ ಉಬ್ಬರದ ಫಂಕ್ಷನ್ನನ್ನು ಅನುಮತಿಯಿಲ್ಲದೆ ಬೀಳ್ಕೊಟ್ಟ ಬಗ್ಗೆ

ಕಡಲಗಣಿತ ಸಾಫ್ಟ್‌ವೇರ್ ವಿಭಾಗ, ಹೋಬಾರ್ಟ್ ಬಂದರು
ಸುತ್ತೋಲೆ ಸಂಖ್ಯೆ: ಕಸಾವಿ/ಹಳತು/೪೧/ಮರುಪರಿಷ್ಕೃತ

ವಿಷಯ: ಹಳತೆಂದು ಸಾರಲಾದ ಫಂಕ್ಷನ್‌ಗಳನ್ನು ಲೈಬ್ರರಿಯಿಂದ ನಿಜವಾಗಿಯೂ ತೆಗೆದುಹಾಕುವ ಹೊಸ ಚಾಳಿಯ ಕುರಿತು.

ಉಲ್ಲೇಖ: ಕಿರಿಯ ಪ್ರೋಗ್ರಾಮರ್ ಕುಮಾರಿ ಟ್ಯಾಮ್ಸಿನ್ ಪೈಬಸ್ ಅವರ ಮಂಗಳವಾರದ ದೋಣಿಪ್ರಯಾಣ.

೧. ವಿಭಾಗವು ಊರೂರಿಗೆ ಹಂಚುವ ಪ್ರೋಗ್ರಾಂ ಲೈಬ್ರರಿಯಲ್ಲಿ ಉಬ್ಬರದ ವೇಳೆ ಹೇಳುವ ಹಳೆಯ ಫಂಕ್ಷನ್, ಅಂದರೆ ಕರೆದಾಗ ಲೆಕ್ಕ ಹಾಕಿ ಉತ್ತರ ಕೊಡುವ ಪ್ರೋಗ್ರಾಮಿನ ತುಣುಕು, ಒಂದಿತ್ತು. ಹೊಸದು ಬಂದು ವರ್ಷಗಳಾದರೂ ಅದು ಹೊಸಿಲಲ್ಲಿ ಕೂತ ಅಜ್ಜಿಯಂತೆ ಎದ್ದಿರಲಿಲ್ಲ. ಕರೆದವರಿಗೆಲ್ಲ ‘ಇದು ಹಳತು, ಮುಂದಿನ ಆವೃತ್ತಿಯಲ್ಲಿ ಇರುವುದಿಲ್ಲ’ ಎಂಬ ಎಚ್ಚರಿಕೆ ಕಾಣಿಸುತ್ತಿತ್ತು. ಪ್ರತಿ ಆವೃತ್ತಿಗೂ ಮುನ್ನ ಕಚೇರಿಯ ಪದ್ಧತಿಯಂತೆ ಬೆಳಗಿನ ಚಹಾದ ವೇಳೆ ಅದನ್ನು ಬೀಳ್ಕೊಟ್ಟು, ಕಾರ್ಡಿಗೆ ಎಲ್ಲರೂ ಸಹಿ ಹಾಕಿ, ಕೇಕ್ ತಿಂದು, ಬಳಿಕ ಅದನ್ನು ಹಾಗೆಯೇ ಉಳಿಸಿಕೊಳ್ಳಲಾಗುತ್ತಿತ್ತು. ಈ ಪದ್ಧತಿಯಲ್ಲಿ ಯಾವ ದೋಷವೂ ಇಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.

೨. ಉಳಿಸಿಕೊಳ್ಳಲು ಕಾರಣ, ಟಿಲ್ಲರ್ ದ್ವೀಪದ ದೋಣಿಯ ಕ್ಯಾಪ್ಟನ್ ಕ್ಲೆಮ್ ಡ್ರಿಸ್ಕಲ್. ಅವರು ದೋಣಿ ಕಟ್ಟುವ ಜೆಟ್ಟಿಯ ವೇಳಾಫಲಕ ಮಾತ್ರ ಆಗಲೂ ಹಳೆಯದನ್ನೇ ಕರೆಯುತ್ತಿತ್ತು. ಅದು ಹೋದರೆ ಫಲಕ ಕುರುಡು. ನೀರಿಳಿದಾಗ ದೋಣಿ ಕೆಸರಿನಲ್ಲಿ. ದ್ವೀಪದ ಕಾಯಿಲೆಯವರು ಆಸ್ಪತ್ರೆಗೆ ಬರುವ ಹಾಗಿಲ್ಲ. ಹೆಸರಿಗಷ್ಟೇ ಇರುವ ಅಳಿಸುವ ಕೆಲಸ ಈ ಸಲ ಪಾಲಿಗೆ ಬಂದಾಗ ಅದನ್ನು ನಿಜವೆಂದೇ ನಂಬಿದ ಕುಮಾರಿ ಪೈಬಸ್ ಅವರು ಇದೇ ಚಿಂತೆಯಲ್ಲಿ ತಮ್ಮ ಪಾಲಿನ ಕೇಕ್ ಮುಟ್ಟಲಿಲ್ಲವೆಂದು ವರದಿಯಾಗಿದೆ. ಆ ತುಂಡನ್ನು ಅಧೀಕ್ಷಕರೇ ಸ್ವೀಕರಿಸಿದ್ದಾರೆ.

೩. ಸದರಿಯವರು ಯಾರಿಗೂ ಹೇಳದೆ ದ್ವೀಪಕ್ಕೆ ಹೋದರು. ಅಲ್ಲಿನ ಮಾತುಕತೆಯನ್ನು ಖೇದಪೂರ್ವಕವಾಗಿ ಲಗತ್ತಿಸಲಾಗಿದೆ:

ಪೈಬಸ್: “ಕ್ಯಾಪ್ಟನ್, ಇಷ್ಟು ವರ್ಷ ಎಚ್ಚರಿಕೆ ಬರ್ತಿತ್ತಲ್ಲ, ಓದ್ಲಿಲ್ವಾ?”

ಡ್ರಿಸ್ಕಲ್: “ಓದ್ದೆ ಕಣಮ್ಮ. ಮುಂದಿನ ಸಲ ಇರಲ್ಲ ಅಂತಿತ್ತು. ಮುಂದಿನ ಸಲ ನೋಡಿದ್ರೆ ಅಲ್ಲೇ ಇರೋದು. ನಮ್ಮ ಮಾವನೂ ಹಿಂಗೇ, ಹೊರಟೆ ಹೊರಟೆ ಅಂತ ಇನ್ನೊಂದು ಬಿಯರ್ ತೆಗೀತಾರೆ.”

ಪೈಬಸ್: “ಹೊಸದಕ್ಕೆ ಯಾವ ಜೆಟ್ಟಿ ಅಂತ ಹೇಳ್ಬೇಕು, ಅಷ್ಟೇ.”

ಡ್ರಿಸ್ಕಲ್: “ಇರೋದೇ ಒಂದು.”

ಪೈಬಸ್: “ಹಾಗಾದ್ರೆ ಅದನ್ನೇ ಹೇಳೋಣ.”

ಹೀಗೆಂದು ಮೀನಿನ ಬುಟ್ಟಿಯ ಮೇಲೆ ಕುಳಿತು ಫಲಕದ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬದಲಿಸಲಾಯಿತು. ಕ್ಯಾಪ್ಟನ್ ಕೊಟ್ಟ, ಚಿಪ್ಪುಮೀನು ತುಂಬಿ ಬೇಯಿಸಿದ ಬಿಸಿ ಪೈ ಆರುವ ಮುನ್ನವೇ ಫಲಕ ಹೊಸದನ್ನು ಕರೆಯಿತು. ಉಬ್ಬರಕ್ಕೆ ಸರಿಯಾಗಿ ಹೊರಟ ಅದೇ ದೋಣಿಯಲ್ಲಿ ಮರಳಿ ಬಂದ ಸದರಿಯವರು ಹಳೆಯದನ್ನು ಅಳಿಸಿಯೇಬಿಟ್ಟರು. ಉಳಿಸಿಕೊಳ್ಳುವ ಆದೇಶ ಹೊರಡಿಸಲು ಬಂದ ಅಧೀಕ್ಷಕರಿಗೆ ಉಳಿಸಲು ಏನೂ ಸಿಗಲಿಲ್ಲ.

೪. ಆದಕಾರಣ ಎಲ್ಲ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

(ಅ) ಬಳಕೆದಾರರ ತೊಂದರೆಯನ್ನು ಅವರಿದ್ದಲ್ಲಿಗೇ ಹೋಗಿ ಬಗೆಹರಿಸತಕ್ಕದ್ದಲ್ಲ.

(ಆ) ಎಚ್ಚರಿಕೆಯಲ್ಲಿ ಬರೆದದ್ದು ಮುಂದೆಂದೂ ನಿಜವಾಗದಂತೆ ನೋಡಿಕೊಳ್ಳತಕ್ಕದ್ದು.

(ಇ) ಹಳತೆನ್ನಲು ಏನೂ ಸಿಗದ ತಿಂಗಳಲ್ಲಿ ಹೊಸ ಫಂಕ್ಷನ್ ಒಂದನ್ನು ಬರೆದು, ಬರೆದವರ ಎದುರಿಗೇ ಹಳತೆಂದು ಸಾರಿ, ಕೇಕ್ ತರಿಸತಕ್ಕದ್ದು.

(ಈ) ಬೀಳ್ಕೊಡುಗೆಯಲ್ಲಿ ಕಣ್ಣೀರು ಹಾಕುವವರು ಮೊದಲೇ ಹೆಸರು ನೋಂದಾಯಿಸತಕ್ಕದ್ದು. ನಿಜವಾಗಿ ಹೋದ ಫಂಕ್ಷನ್‌ಗೆ ಅಳುವಂತಿಲ್ಲ. ಅದು ಬಜೆಟ್ಟಿನಲ್ಲಿ ಬರುವುದಿಲ್ಲ.

೫. ಕುಮಾರಿ ಪೈಬಸ್ ಅವರ ಮೇಲೆ ವಿಚಾರಣೆ ನಡೆಸಲು, ಅವರಿಂದ ತೊಂದರೆಗೊಳಗಾದವರೊಬ್ಬರು ಬೇಕಾಗಿದ್ದಾರೆ. ದ್ವೀಪದಲ್ಲಿ ಹುಡುಕಲಾಗಿ, ಎಲ್ಲರೂ ವೇಳೆಗೆ ಸರಿಯಾಗಿ ದೋಣಿ ಹತ್ತಿ ಹೋಗಿರುವುದರಿಂದ ಯಾರೂ ಸಿಕ್ಕಿಲ್ಲ.

ಸಹಿ/-
ಓಸ್ವಿನ್ ಥ್ರಪ್
ಅಧೀಕ್ಷಕರು (ಹಳತು)

ಪ್ರತಿಗಳು:
೧. ಕುಮಾರಿ ಪೈಬಸ್: ಪಶ್ಚಾತ್ತಾಪಕ್ಕಾಗಿ, ಈವರೆಗೆ ಆಗಿಲ್ಲ.
೨. ಕ್ಯಾಪ್ಟನ್ ಡ್ರಿಸ್ಕಲ್: ಓದಿದರೂ ನಂಬುವುದಿಲ್ಲವೆಂಬ ಅರಿವಿನೊಂದಿಗೆ.
೩. ಹಳೆಯ ಫಂಕ್ಷನ್: ವಿಳಾಸದಲ್ಲಿ ಯಾರೂ ಇಲ್ಲವೆಂದು ಮರಳಿದೆ.