ಅಕ್ಕನ ಸೆರಗಿನ ಮರೆಯಲ್ಲಿದ್ದದ್ದು

ಅನುಮಾನ ಪಡಲು ಹೆಚ್ಚು ಓದಿರಬೇಕಾಗಿಲ್ಲ ಎಂಬುದಕ್ಕೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೇ ಸಾಕ್ಷಿ. ನ್ಯಾಮತಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮಂಡಕ್ಕಿ ಅಂಗಡಿ. ಯಾವ ಗಿರಾಕಿ ಮಾತಾಡುತ್ತಲೇ ಒಂದು ಮಿರ್ಚಿ ಹೆಚ್ಚಿಗೆ ಎತ್ತುತ್ತಾನೆ ಎಂಬುದು ಬೆನ್ನು ತಿರುಗಿಸಿ ನಿಂತರೂ ನನಗೆ ಗೊತ್ತಾಗುತ್ತದೆ. ಈ ವಿದ್ಯೆಯನ್ನು ಹೋಗಿ ಹೋಗಿ ಅಕ್ಕನ ಮೇಲೆ ತೋರಿಸಿದೆನಲ್ಲ, ಆ ಸಂಕಟ ಇನ್ನೂ ಇಳಿದಿಲ್ಲ.

ಅಕ್ಕನದು ಪಕ್ಕದ ಮನೆ, ರವಿಕೆ ಹೊಲಿಯುತ್ತಾಳೆ. ಶುಗರ್ ಬಂದಿದೆ ಎಂದು ಗೊತ್ತಾದ ದಿನದಿಂದಲೇ ಸಿಹಿ ಬಿಟ್ಟಳು. ನಾನಾಗಿದ್ದರೆ ಹಬ್ಬ ಕಳೆಯಲಿ, ಮದುವೆ ಕಳೆಯಲಿ ಎಂದು ಮುಂದೂಡುತ್ತಿದ್ದೆ. ಅವಳು ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಇಡೀ ಪಂಕ್ತಿಗೆ ಹೋಳಿಗೆ ಬಡಿಸಿ, ಕೈ ತೊಳೆದುಕೊಂಡು ಬಂದು ಮಜ್ಜಿಗೆ ಕುಡಿದಳು. ಇಷ್ಟಾದರೂ ಶುಗರ್ ಇಳಿಯಲಿಲ್ಲ. ಹೊನ್ನಾಳಿಯ ಡಾಕ್ಟರು, "ಮುಂದಿನ ಸಲನೂ ಹಿಂಗೇ ಇದ್ರೆ ಇಂಜೆಕ್ಷನ್ ಶುರು ಮಾಡಾಣ" ಅಂದರು. ದಿನವಿಡೀ ಸೂಜಿ ಹಿಡಿದು ಕೂರುವ ಅಕ್ಕ ಅವತ್ತು ಬಸ್ಸಿನಲ್ಲಿ ಊರು ಬರುವವರೆಗೂ ತೋಳು ಸವರಿಕೊಳ್ಳುತ್ತಲೇ ಕೂತಿದ್ದಳು.

ಕದ್ದು ತಿನ್ನುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಸಾಕ್ಷಿಗೇನೂ ಕಡಿಮೆ ಇರಲಿಲ್ಲ. ಕಟಕಟ ಎಂದು ಕಡಿಯುತ್ತಿದ್ದ ಖಡಕ್ ರೊಟ್ಟಿಯನ್ನು ಈಗ ಮುಟ್ಟುತ್ತಿರಲಿಲ್ಲ. ಹೊಟ್ಟೆ ಬೇರೆ ಎಲ್ಲೋ ತುಂಬುತ್ತಿದೆ ಎಂದುಕೊಂಡೆ. ಮಾತಾಡುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಒಳಗೆ ಏನೋ ಇದೆ ಎಂದುಕೊಂಡೆ. ದವಡೆಯಲ್ಲಿ ಸದಾ ಏನನ್ನೋ ಒತ್ತಿಕೊಂಡಿರುತ್ತಿದ್ದಳು. ಅದು ಪೆಪ್ಪರಮೆಂಟೇ ಎಂದು ನನ್ನ ಹೆಂಡತಿಯ ಎದುರು ಆಣೆ ಮಾಡಿದೆ. ಒಂದು ಮಧ್ಯಾಹ್ನ ಅಕ್ಕನ ಅಡುಗೆಮನೆಗೆ ನುಗ್ಗಿ ಬೆಲ್ಲದ ಡಬ್ಬಿಯನ್ನು ಜಪ್ತಿ ಮಾಡಿದೆ.

"ಅದು ನಿಮ್ಮ ಭಾವನ ಟೀಗೆ ಕಣೋ" ಅಂದಳು, ಸೆರಗಿನ ಹಿಂದಿನಿಂದ.

"ಭಾವನೂ ಬೆಲ್ಲ ಇಲ್ದೆ ಕುಡೀಲಿ" ಅಂದೆ. ಭಾವ ಪಾಪ, ಅವತ್ತಿನಿಂದ ಹಾಗೆಯೇ ಕುಡಿದರು.

ಮುಂದಿನ ಸಲ ಡಾಕ್ಟರ ಮುಂದೆ ಅಕ್ಕ ಕೂರುವ ಮೊದಲೇ ನಾನು ದೂರು ಕೊಟ್ಟೆ. "ಇವ್ಳು ಕದ್ದು ತಿಂತಾಳೆ ಸರ್. ಬಾಯಾಗೆ ಈಗ್ಲೂ ಐತೆ."

"ಎಲ್ಲಿ, ಬಾಯಿ ತೆಗೀರಮ್ಮ" ಅಂದರು.

ಅಕ್ಕ ಸೆರಗು ಸರಿಸಿ ಬಾಯಿ ತೆಗೆದಳು. ಒಳಗೆ ಒಂದು ಲವಂಗ. ಅದರ ಸುತ್ತ ಬಾತು ಕೆಂಪಾದ ಒಸಡು. ಡಾಕ್ಟರು ಕಡ್ಡಿಯಿಂದ ಮೆಲ್ಲಗೆ ಒತ್ತಿದರು. ರಕ್ತದ ಜೊತೆ ಕೀವೂ ಬಂತು. ಒಂದು ಹಲ್ಲು ಅಲ್ಲಾಡುತ್ತಿತ್ತು. ರೊಟ್ಟಿ ಬಿಟ್ಟದ್ದು ನೋವಿಗೆ, ಸೆರಗು ಹಿಡಿದದ್ದು ವಾಸನೆಗೆ.

"ಶುಗರ್ ಜಾಸ್ತಿ ಇದ್ರೆ ಬಾಯಾಗಿನ ಕ್ರಿಮಿಗಳಿಗೆ ಹಬ್ಬ, ಒಸಡು ಬೇಗ ಕೆಡ್ತದೆ" ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದರು. "ಒಸಡಿನಾಗೆ ಕೀವು ಕೂತ್ರೆ ಅದು ಶುಗರ್ ಇಳಿಯಾಕೆ ಬಿಡಲ್ಲ. ಮೊದ್ಲು ಹಲ್ಲಿನ ಡಾಕ್ಟ್ರಿಗೆ ತೋರಿಸ್ರಿ. ಇಂಜೆಕ್ಷನ್ ಆಮೇಲೆ ನೋಡಾಣ."

ಹೊರಗೆ ಬಂದು ಕೇಳಿದೆ: "ನೋವು ಐತೆ ಅಂತ ಒಂದು ಮಾತು ಹೇಳಾಕೆ ಏನಾಗಿತ್ತು?"

"ವಯಸ್ಸಾತು, ಹಲ್ಲು ಹೋಗೋದೇ ಅಂದ್ಕಂಡಿದ್ದೆ. ಅಲ್ದೆ ನೀನು ಪೊಲೀಸ್ ಆಗಿ ಅಷ್ಟು ಖುಷಿಯಾಗಿದ್ದೆ. ಯಾಕೆ ಕೆಡಿಸ್ಲಿ?"

ಇದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಹಗುರವಾಗುತ್ತಿತ್ತು.

ಹಲ್ಲಿನ ಡಾಕ್ಟರು ಒಸಡಿನ ಸಂದಿಯ ಪಾಚಿಯನ್ನೆಲ್ಲ ಕೆರೆದು ತೆಗೆದರು. ಕುರ್ಚಿಯಲ್ಲಿ ಅಕ್ಕ ಕಮಕ್ ಕಿಮಕ್ ಅನ್ನಲಿಲ್ಲ. ಬಾಗಿಲಾಚೆ ಆ ಯಂತ್ರದ ಸದ್ದಿಗೇ ನಾನು ಬೆವತೆ. ಈಗ ಅವಳು ರಾತ್ರಿ ಊಟವಾದ ಮೇಲೂ ಜಗಲಿಯಲ್ಲಿ ಕೂತು ಹಲ್ಲುಜ್ಜುತ್ತಾಳೆ. "ಬೆಳಗ್ಗೆ ಉಜ್ಜೋದು ಮರ್ತೆಯೇನೇ?" ಎಂದು ಬೀದಿಯವರು ನಕ್ಕರೆ, ಬಾಯಿ ತುಂಬ ನೊರೆ ಇಟ್ಟುಕೊಂಡೇ ತಾನೂ ನಗುತ್ತಾಳೆ, ಸೆರಗಿಲ್ಲದೆ. ಅಲ್ಲಾಡುತ್ತಿದ್ದ ಹಲ್ಲು ಉಳಿದಿದೆ. ಮಾತ್ರೆ, ಪಥ್ಯ ಹಾಗೇ ನಡೆದಿವೆ. ಶುಗರ್ ಸ್ವಲ್ಪ ಇಳಿದು, ಇಂಜೆಕ್ಷನ್ ಮಾತು ಸದ್ಯಕ್ಕೆ ನಿಂತಿದೆ.

ಮೊನ್ನೆ ಅಕ್ಕ ನಮ್ಮ ಅಡುಗೆಮನೆ ಬಾಗಿಲಿಗೆ ಬಂದು, "ಇನ್ನಾದ್ರೂ ಆ ಬೆಲ್ಲದ ಡಬ್ಬಿ ಕೊಡೋ, ನಿಮ್ಮ ಭಾವ ಸಪ್ಪೆ ಟೀ ಕುಡಿದು ಸೋತಾರೆ" ಅಂದಳು. ತಂದುಕೊಟ್ಟೆ. ಡಬ್ಬಿ ಹಗುರವಾಗಿತ್ತು. ಮುಚ್ಚಳ ತೆಗೆದು ನೋಡಿದಳು, ತಳದಲ್ಲಿ ಒಂದಿಷ್ಟು ಪುಡಿ. ಜಪ್ತಿ ಮಾಡಿದ ಮಾಲನ್ನು ಕಾಯುವವನಿಗೂ ಆಗಾಗ ಬಾಯಿ ಚಪ್ಪೆ ಆಗುತ್ತದಲ್ಲ. ಈಚೆಗೆ ಪೇರಲ ಕಚ್ಚಿದರೆ ಅದರ ಮೇಲೆ ನನ್ನ ಒಸಡಿನ ರಕ್ತದ ಗುರುತು ಬೀಳುತ್ತಿರುವುದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಕ್ಕ ಬೈಯಲಿಲ್ಲ. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಎಲ್ಲಿ, ಬಾಯಿ ತೆಗಿ ನೋಡಾಣ" ಅಂದಳು.

ನಾನು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಅಡ್ಡ ಹಿಡಿದೆ.