ಅಪ್ಪನ ಮಗ್ಗದ ಗುಂಡಿಯಲ್ಲಿ ಹೀರೆ ಸಸಿ

ಹೀರೇಕಾಯಿ ಸಸಿ ಎಬ್ಬಿಸುವುದು ಏನು ಮಹಾ ವಿದ್ಯೆ? ಹೀಗೆಂದು ಅತ್ತೆಯ ಎದುರೇ ಘೋಷಿಸಿದೆ. ತಪ್ಪು ಅಲ್ಲಿಂದಲೇ ಶುರು!

ಅತ್ತೆ ಗಂಗವ್ವನವರಿಗೆ ಖಾನಾಪುರದಲ್ಲಿ ಹೊಳೆಯ ಕಡೆ ಅರ್ಧ ಎಕರೆ ಹಿತ್ತಲು. ಹೋದ ವರ್ಷದ ಜಡಿಮಳೆಗೆ ಊರಿದ ಬೀಜವೆಲ್ಲ ಮಣ್ಣಲ್ಲೇ ಕೊಳೆತಿತ್ತು. ಈ ಸಲ ಮನೆಯೊಳಗೆ ಸಸಿ ಮಾಡಿ ಆಮೇಲೆ ನಾಟುವ ವಿಚಾರ.

"ಅಳಿಯಾರ, ಇವು ನಮ್ಮವ್ವನ ಕಾಲದ ಬೀಜ. ಉಳಿದದ್ದು ಇಷ್ಟ ನೋಡ್ರಿ. ಇವು ಹೋದ್ರ ತಳೀನ ಹೋತು," ಎಂದು ಬೂದಿ ಸವರಿದ ಬೀಜದ ಗಂಟು ಕೊಟ್ಟರು.

"ನೀವು ಸಸಿ ಒಯ್ಯಾಕ ಬುಟ್ಟಿ ತಗೊಂಡು ಬರ್ರಿ, ಅತ್ತ್ಯಾರ!"

ವಡಗಾವಿಯ ನಮ್ಮ ಮನೆಯಲ್ಲಿ ಅಪ್ಪನ ಕುಣಿಮಗ್ಗವಿತ್ತು. ನೇಯುವವನು ಕಾಲು ಇಳಿಬಿಟ್ಟು ಕೂರುವ ಗುಂಡಿ. ತಳದಲ್ಲಿ ತುಳಿಯುವ ಕಟ್ಟಿಗೆ. ಅಪ್ಪ ತೀರಿಕೊಂಡ ಮೇಲೆ ಆ ಕೋಣೆಗೆ ಯಾರೂ ಹೋಗುತ್ತಿರಲಿಲ್ಲ. ಆ ಕಟ್ಟಿಗೆಯ ಸುತ್ತ ಗುಂಡಿಗೆ ಗೊಬ್ಬರಮಣ್ಣು ಹರವಿ, ಬೀಜ ಊರಿ, ಮೇಲೆ ಹಲಗೆ ಮುಚ್ಚಿದೆ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಮಾವಿನಕಾಯಿ ಹಣ್ಣಾಗುವುದಿಲ್ಲವೇ? ಬೀಜಕ್ಕೂ ಅದೇ ನ್ಯಾಯ! ನೀರಿಗಾಗಿ ತೂತಿನ ಮಡಕೆಯನ್ನು ಮಗ್ಗಕ್ಕೆ ತೂಗುಹಾಕಿ, ಹನಿ ಒಳಗಿಳಿಯಲೆಂದು ಅಪ್ಪ ಕೂರುತ್ತಿದ್ದ ಬದಿಗೆ ಹಲಗೆಗಳ ನಡುವೆ ಎರಡು ಬೆರಳು ಸಂದು ಬಿಟ್ಟೆ. ದಿನಾ ಮಡಕೆ ತುಂಬಿಸುವುದು, ಇಣುಕುವುದು ನಿಷಿದ್ಧ!

"ರೀ, ಅದು ಮಾವನೋರು ಕುಂದರೂ ಜಾಗಾ," ಎಂದಳು ಹೆಂಡತಿ ಶಾಂತಾ.

"ಎದ್ದ್ ಬಂದು ಜಾಗಾ ಕೇಳ್ತಾನೇನ?" ಎಂದು ನಕ್ಕೆ.

ನಗಬಾರದಿತ್ತು.

ಹತ್ತನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಹಗಲಿರುಳು ಬಡಿಯುವ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಸತ್ತವು. ಆ ಮೌನದೊಳಗೆ, ಅಪ್ಪನ ಕೋಣೆಯಿಂದ, ಟಕ್. ಸ್ವಲ್ಪ ಬಿಟ್ಟು, ಟಕ್. ಯಾರೋ ಅವಸರವಿಲ್ಲದೆ ಮಗ್ಗ ತುಳಿಯುತ್ತಿದ್ದರು.

ಶಾಂತಾಳ ಲಟ್ಟಣಿಗೆ ನಿಂತಿತು. "ಕೇಳ್ತೇನ್ರಿ?"

"ಇಲಿ."

"ಇಲಿ ಹಿಂಗ ತಾಳ ಹಿಡಿದು ತುಳೀತಾವೇನ್ರಿ?"

ನಾನು ಗಂಡಸಲ್ಲವೇ? ಹೋಗಿ ಹಲಗೆ ಎತ್ತಿದೆ. ಕತ್ತಲೆಯಲ್ಲಿ ಗೇಣುದ್ದದ ಬಿಳಿ ಬಿಳಿ ಕುತ್ತಿಗೆಗಳು. ಒಂದೊಂದರ ತುದಿಗೂ ಹಳದಿಯ ಪುಟ್ಟ ತಲೆ. ಅಷ್ಟೂ ತಲೆಗಳು ಅಪ್ಪ ಕೂರುತ್ತಿದ್ದ ಕಡೆಗೇ ಬಾಗಿದ್ದವು. ಅವನು ಏನೋ ಹೇಳುತ್ತಿರುವಂತೆ, ಅವು ಕೇಳುತ್ತಿರುವಂತೆ.

ಹಲಗೆ ಜಾರಿ ಮತ್ತೆ ಗುಂಡಿಯ ಮೇಲೇ ಬಿತ್ತು. ನಡುವೆ ನನ್ನ ಹೆಬ್ಬೆರಳಿತ್ತು!

ಕೂಗು ಕೇಳಿ ಬಾಜುಮನೆಯ ರುದ್ರಪ್ಪ ಕಾಕಾ ಬಂದು, ಹೊಸ್ತಿಲ ಆಚೆಯಿಂದಲೇ ಕಿವಿಗೊಟ್ಟರು. "ಖರೇ, ನಿಮ್ಮಪ್ಪ ಹಿಂಗ ಸಾವಕಾಶ ತುಳೀತಿದ್ದ. ಜಾಗಾ ಬಿಟ್ಟಕೊಡಪಾ."

ಬಿಟ್ಟುಕೊಟ್ಟೆ. ಊದುಬತ್ತಿ ಹಚ್ಚಿ, ಎಲೆ-ಅಡಿಕೆ ಒಳಗೆ ಸರಿಸಿ, ಚಿಲಕ ಹಾಕಿದೆ. ಮೂರು ದಿನದ ಮೇಲೆ ಮತ್ತೆ ಕರೆಂಟು ಹೋಯಿತು. ಉಸಿರು ಹಿಡಿದು ಕೇಳಿದೆವು. ಸದ್ದಿಲ್ಲ! ಅಪ್ಪ ತೃಪ್ತನಾಗಿದ್ದ.

ಮರುವಾರ ಅತ್ತೆ ಬುಟ್ಟಿ ಹಿಡಿದು ಬಂದರು. ನಾನು ಬೇಡವೆಂದರೂ ಚಿಲಕ ತೆಗೆದು, ಹಲಗೆ ಸರಿಸಿ, ಬಹಳ ಹೊತ್ತು ನೋಡಿದರು. ಕುತ್ತಿಗೆಗಳೆಲ್ಲ ನೆಲಕ್ಕೆ ಮಲಗಿದ್ದವು. ಅತ್ತೆಯ ಕಣ್ಣು ತುಂಬಿತ್ತು.

"ಬೆಳಕಿಲ್ದ ಬೆಳ್ಳಗ ಆಗ್ಯಾವು. ಸಂದ್ಯಾಗಿನ ಬೆಳಕಿಗೆ ಆಸೆಬಿದ್ದು ಆ ಕಡೆ ಹೊಳ್ಳ್ಯಾವು." ಆಮೇಲೆ ಒಣಗಿದ ಮಡಕೆ ನೋಡಿದರು. "ಇದರ ಹನಿ ಆ ಕಟಗಿ ಮ್ಯಾಲ ಬೀಳತಿತ್ತೇನ್ರಿ?"

ಬೀಳುತ್ತಿತ್ತು. ಪವರ್‌ಲೂಮಿನ ಗದ್ದಲದಲ್ಲಿ ಅದು ಕೇಳಿರಲಿಲ್ಲ, ಅಷ್ಟೇ. ಆ ಭೂತಕ್ಕೆ ದಿನಾ ಬೆಳಿಗ್ಗೆ ಕೊಡದಿಂದ ನೀರು ತುಂಬಿಸಿದವನು ನಾನೇ, ಚಿಲಕ ಹಾಕಿ ಅದನ್ನು ನಿಲ್ಲಿಸಿದವನೂ ನಾನೇ!

ಸಂದಿನ ನೇರ ಕೆಳಗೆ ಒಂದೇ ಒಂದು ಸಸಿ ಹಸಿರಾಗಿತ್ತು. ಅತ್ತೆ ಅದನ್ನು ಮಣ್ಣುಸಮೇತ ಎತ್ತಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಖಾನಾಪುರಕ್ಕೆ ಒಯ್ದರು. ಬಳ್ಳಿ ಹಿತ್ತಲು ತುಂಬ ಹಬ್ಬಿತು. ಈಗ ಪ್ರತಿ ವರ್ಷ ಅದರ ಬೀಜ ಬೀಗರಿಗೆ, ನೆಂಟರಿಗೆ, ರುದ್ರಪ್ಪ ಕಾಕಾನಿಗೂ ಹೋಗುತ್ತದೆ.

ನನಗೆ ಮಾತ್ರ ಪಲ್ಯ ಮಾಡಿಯೇ ಕಳಿಸುತ್ತಾರೆ!