ನಕುರು ಸರೋವರದ ಜ್ವರ

ಶಿವಶರಣಪ್ಪನ ತೊಂದರೆ ಶುರುವಾದದ್ದು ಬುಧವಾರ ಸಂಜೆ ವಿಮಾನ ನಿಲ್ದಾಣದಲ್ಲಿ, ಹೆಬ್ಬೆರಳಿನ ಒಂದೇ ಒಂದು ಒತ್ತಿನಿಂದ. ಶಾಲೆಯ ಆ್ಯಪ್ ತೆರೆದು, ಮಗಳ ಹೆಸರಿನ ಮುಂದೆ ‘ಅನಾರೋಗ್ಯ’ ಎಂದು ಗುರುತು ಹಾಕಿದ. ಗುರುವಾರ, ಶುಕ್ರವಾರ, ಯಾವುದಕ್ಕೂ ಇರಲಿ ಎಂದು ಸೋಮವಾರ. ಮರುಕ್ಷಣವೇ ಶಾಲೆಯಿಂದ ಒಂದು ಮೆಸೇಜ್ ಬಂತು. ಅದನ್ನು ತೆರೆಯುವ ಧೈರ್ಯ ಅವನಿಗೆ ಬರಲಿಲ್ಲ. ಆ್ಯಪ್‌ನ ಮೂಲೆಯಲ್ಲಿ ಕೆಂಪು ಚುಕ್ಕಿ ಹಾಗೆಯೇ ಉಳಿಯಿತು.

ನೆದರ್‌ಲೆಂಡ್ಸ್‌ನಲ್ಲಿ ಶಾಲೆ ನಡೆಯುವ ದಿನ ಮಗುವನ್ನು ಪ್ರವಾಸಕ್ಕೆ ಕರೆದೊಯ್ದರೆ, ಶಾಲೆಯವರು ನಗರಸಭೆಯ ಹಾಜರಾತಿ ಅಧಿಕಾರಿಗೆ ವರದಿ ಕೊಡುತ್ತಾರೆ; ದಂಡ ಬೀಳಬಹುದು. ಅಲ್ಲಿನ ವೆಲ್ಡ್‌ಹೋವನ್ ಊರಿಗೆ ಬಂದ ಒಂಬತ್ತು ವರ್ಷಗಳಲ್ಲಿ ಶಿವಶರಣಪ್ಪ ಖಾಲಿ ರಸ್ತೆಯಲ್ಲೂ ಕೆಂಪು ದೀಪ ದಾಟಿ ಸೈಕಲ್ ಓಡಿಸಿದವನಲ್ಲ. ಆದರೆ ಎಂಟು ವರ್ಷದ ಗಾನವಿಗೆ ಹಕ್ಕಿಗಳ ಹುಚ್ಚು. ಕೀನ್ಯಾದ ನಕುರು ಸರೋವರದಲ್ಲಿ ಫ್ಲೆಮಿಂಗೊ ತೋರಿಸುತ್ತೇನೆಂದು ಎರಡು ವರ್ಷದಿಂದ ಮಾತು ಕೊಡುತ್ತಲೇ ಬಂದಿದ್ದ. ಆಫೀಸಿನಲ್ಲಿ ರಜೆ ಸಿಕ್ಕಿದ್ದು ಈ ವಾರ ಮಾತ್ರ.

ಅಪ್ಪ, ಅಮ್ಮ, ಮಗಳು ಮೂವರೂ ಹೋದರು, ನೋಡಿದರು. ಸರೋವರದ ನೀರು ಏರಿ, ಮುಳುಗಿ ಒಣಗಿದ ಮರಗಳ ಮೇಲೆಲ್ಲ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿದ್ದವು. ದೂರದ ದಡದಲ್ಲಿ ಯಾರೋ ಗುಲಾಬಿ ಸೀರೆ ಒಣಹಾಕಿದಂತೆ ಫ್ಲೆಮಿಂಗೊಗಳ ಸಾಲು. ಗಾನವಿ ನೋಟ್‌ಬುಕ್ಕಿನಲ್ಲಿ ಅರವತ್ತಮೂರು ಹಕ್ಕಿಗಳ ಹೆಸರು ಬರೆದಳು. ಅಪ್ಪನಿಗೆ ನೆನಪುಳಿದದ್ದು ಒಂದೇ. ಬೋಳುತಲೆಯ ಮರಬು ಕೊಕ್ಕರೆಯೊಂದು, ಕೈ ಹಿಂದೆ ಕಟ್ಟಿಕೊಂಡ ಹಾಜರಾತಿ ಅಧಿಕಾರಿಯಂತೆ, ಜೀಪಿನ ಪಕ್ಕ ನಿಂತು ಅವನನ್ನೇ ನೋಡುತ್ತಿತ್ತು.

“ಪಪ್ಪಾ, ಸ್ಕೂಲಿಗೆ...” ಎಂದಳು ಗಾನವಿ.

“ಸ್ಕೂಲಿನ ಹೆಸರ ಎತ್ತಬ್ಯಾಡ ಅವ್ವಾ. ಹಕ್ಕಿ ನೋಡು.”

ಭಾನುವಾರ ರಾತ್ರಿ ಮನೆಗೆ ಮರಳಿದರು. ಸೋಮವಾರ ಬೆಳಗ್ಗೆ ಹೆಂಡತಿ ತನುಶ್ರೀ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, “ಒತ್ತಿದವ್ರು ನೀವು. ನೀವ ಸಂಭಾಳಸ್ರಿ,” ಎಂದು ಹೇಳಿ ಬಸ್ಸಿಗೆ ಓಡಿದಳು. ಮಗಳ ಮೂಗಿನ ಸಿಪ್ಪೆ ಎದ್ದಿತ್ತು. ಕತ್ತಿನಲ್ಲಿ ದುರ್ಬೀನಿನ ಪಟ್ಟಿಯಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಬಿಸಿಲಿಗೆ ಸುಟ್ಟಿತ್ತು.

“ಪಪ್ಪಾ, ಇವತ್ತು ನಾ ಹೋಗಬೇಕು. ಗುರುವಾರ ಅಂದ್ರ...”

“ಶ್ಶ್! ಇಷ್ಟ ದಿನದ ಜ್ವರ ಸೋಮವಾರ ಮುಂಜಾನಿ ಟಕ್ ಅಂತ ಬಿಟ್ಟರ ಯಾರ ನಂಬ್ತಾರ? ಮಲಕೋ.”

ಮಗಳು ಡಚ್ ಭಾಷೆಯಲ್ಲಿ ಏನೋ ಗೊಣಗಿ ರಜಾಯಿಯೊಳಗೆ ಮುಳುಗಿದಳು.

ಒಂಬತ್ತಕ್ಕೆ ಬೆಲ್ ಆಯಿತು. ಎರಡು ಮನೆ ಆಚೆಯ ರುಕ್ಮಿಣಿ, ಮೈಸೂರಿನವರು, ಗಾನವಿಗೆ ಶುಕ್ರವಾರ ಸಂಗೀತ ಹೇಳಿಕೊಡುವವರು. ಪಾಠ ತಪ್ಪಿಸಲು ಅವರಿಗೂ ಇದೇ ಜ್ವರದ ಕಾರಣ ಹೇಳಿಯಾಗಿತ್ತು. ಕೈಯಲ್ಲಿ ಸಾರನ್ನದ ಡಬ್ಬಿ.

“ಶುಕ್ರವಾರ ಬಂದೆ, ಬಾಗಿಲು ತೆಗೀಲಿಲ್ಲ. ಶನಿವಾರ ಬಂದೆ. ಎಲ್ಲಿ ಹೋಗಿದ್ರಿ ಮೂರೂ ಜನ?”

“ಆಸ್ಪತ್ರೆಗ್ರೀ.”

“ಯಾವ್ದು? ನಮ್ಮ ಮಗ ಆಕರ್ಷ್ ಇಲ್ಲಿನ ಆಸ್ಪತ್ರೆ ಲ್ಯಾಬಲ್ಲೇ ಇರೋದು. ರಿಪೋರ್ಟ್ ಕೇಳಿಸ್ಲಾ?”

“ಅಂದ್ರ... ಒಳಗ ಹೋಗಲಿಲ್ರಿ. ಮುಂದಿಂದ ಹಾದ್ವಿ.”

ರುಕ್ಮಿಣಿ ಅಷ್ಟರಲ್ಲಿ ಮಂಚದ ಬಳಿ ಇದ್ದರು. “ಅಯ್ಯೋ, ಮೂಗು ನೋಡಿ! ಸಿಪ್ಪೆ ಎದ್ದಿದೆ!”

“ಜ್ವರದ ಕಾವ್ರೀ ಅಕ್ಕಾರ.”

“ಜ್ವರವೋ ಇಸ್ತ್ರಿಪೆಟ್ಟಿಗೆಯೋ? ಕತ್ತಲ್ಲೇನಿದು ಬಿಳೀ ಪಟ್ಟೆ?”

“ಮಫ್ಲರ್...” ಎಂದ ಶಿವಶರಣಪ್ಪ. ಮಫ್ಲರ್ ಕುರ್ಚಿಯ ಮೇಲೆ, ಅಂಗಡಿಯ ಚೀಟಿಯೊಂದಿಗೆ ಮಡಚಿದಂತೆಯೇ ಇತ್ತು.

ರುಕ್ಮಿಣಿ ಮಂಚದ ಅಂಚಿಗೆ ಕುಳಿತರು. ಮಗುವಿನ ಹಣೆ ಸವರಿ, ಮೆಲ್ಲಗೆ ಹೇಳಿದರು: “ಗುರುವಾರದಿಂದ ಒಪ್ಪತ್ತು ಮಾಡ್ತಿದೀನಿ ಇವಳಿಗೋಸ್ಕರ. ರಾಯರಿಗೆ ಹೇಳ್ಕೊಂಡಿದೀನಿ. ಎದ್ದು ಸ್ಕೂಲಿಗೆ ಹೋದ ದಿನ ಬಿಡ್ತೀನಿ ಅಂತ.”

ಶಿವಶರಣಪ್ಪ ಅವರ ಮುಖ ನೋಡಿದ. ಕೆನ್ನೆ ನಿಜವಾಗಿಯೂ ಇಳಿದಿತ್ತು. ತಾನು ಸರೋವರದ ದಂಡೆಯಲ್ಲಿ ಎರಡು ತಟ್ಟೆ ಹುರಿದ ಮೀನು ತಿಂದದ್ದು ನೆನಪಾಯಿತು.

“ಅಕ್ಕಾರ, ಸ್ವಲ್ಪ ಇವಳ ಹಂತ್ಯಾಕ ಕೂಡ್ರಿ. ಔಷಧ ತರ್ತೀನಿ,” ಎಂದವನೇ ಸೈಕಲ್ ಹತ್ತಿದ. ಔಷಧದ ಅಂಗಡಿ ಬಲಕ್ಕಿತ್ತು. ಅವನು ಎಡಕ್ಕೆ, ಶಾಲೆಯ ಕಡೆ, ಎದುರುಗಾಳಿಗೆ ಬಾಗಿ ತುಳಿದ. ವರದಿ ಆಗಲಿ, ದಂಡ ಬೀಳಲಿ. ಒಬ್ಬರನ್ನು ಉಪವಾಸ ಕೆಡವಿ ತಾನು ಮಗಳ ಮುಂದೆ ಹೇಗೆ ತಲೆಯೆತ್ತುವುದು?

ಮುಖ್ಯೋಪಾಧ್ಯಾಯಿನಿ ಮರೈಕೆ ಕೂರಲು ಹೇಳಿದರೂ ಅವನು ಕೂರಲಿಲ್ಲ.

“ಮೇಡಂ, ನನ್ನ ಮಗಳಿಗೆ ಜ್ವರ ಬಂದಿರಲಿಲ್ಲ. ನಾವು ಆಫ್ರಿಕಾಕ್ಕೆ ಹೋಗಿದ್ದೆವು.” ಸಾಕ್ಷಿಗೆಂದು ಫೋನಿನಲ್ಲಿ ಘೇಂಡಾಮೃಗ, ಪೆಲಿಕನ್, ಫ್ಲೆಮಿಂಗೊಗಳನ್ನು ಒಂದೊಂದಾಗಿ ತೋರಿಸಿದ.

ಮರೈಕೆ ಎಲ್ಲವನ್ನೂ ಶ್ರದ್ಧೆಯಿಂದ ನೋಡಿದರು. “ತುಂಬಾ ಚೆನ್ನಾಗಿದೆ. ಆದರೆ ಬುಧವಾರ ನಾನು ಕಳಿಸಿದ ಮೆಸೇಜ್ ನೀವು ಓದಲಿಲ್ಲವೆ?”

ಶಿವಶರಣಪ್ಪ ಆ್ಯಪ್ ತೆರೆದು ಕೆಂಪು ಚುಕ್ಕಿ ಒತ್ತಿದ. ‘ಗಾನವಿ ಬೇಗ ಗುಣವಾಗಲಿ. ಅದೃಷ್ಟಕ್ಕೆ ಶಿಕ್ಷಕರ ತರಬೇತಿಯಿಂದಾಗಿ ಗುರುವಾರ, ಶುಕ್ರವಾರ ಶಾಲೆಗೆ ರಜೆ. ಆ ಎರಡು ದಿನ ಅವಳಿಗೆ ಒಂದು ಪಾಠವೂ ತಪ್ಪುವುದಿಲ್ಲ.’

ಐದು ದಿನದಲ್ಲಿ ಮೊದಲ ಬಾರಿಗೆ ಶಿವಶರಣಪ್ಪ ಪೂರ್ತಿ ಉಸಿರು ಬಿಟ್ಟು, ಕುರ್ಚಿಯ ಮೇಲೆ ಕುಳಿತ.

“ಆದರೆ ಇವತ್ತು ಶಾಲೆ ಇದೆ,” ಎಂದರು ಮರೈಕೆ. “ಗಾನವಿ ಎಲ್ಲಿ?”

“ಮನೆಯಲ್ಲಿ.”

“ಹುಷಾರಿಲ್ಲವೆ?”

ಸುಳ್ಳು ಹೇಳುವುದಿಲ್ಲವೆಂದು ದಾರಿಯುದ್ದಕ್ಕೂ ಪಣ ತೊಟ್ಟು ಬಂದವನು ಅವನು. “ಹುಷಾರಾಗಿದ್ದಾಳೆ,” ಎಂದ.

ಮರೈಕೆ ಬೇಸರದಿಂದಲೇ ಪೆನ್ನಿನ ಮುಚ್ಚಳ ತೆಗೆದರು. “ಹಾಗಿದ್ದರೆ ಇವತ್ತಿನದನ್ನು ನಾನು ವರದಿ ಮಾಡಲೇಬೇಕು.”

ಅಷ್ಟರಲ್ಲಿ ಅವನ ಫೋನಿಗೆ ಟಿಣ್ ಎಂದು ಮೆಸೇಜ್ ಬಂತು. ರುಕ್ಮಿಣಿ.

“ಮಗು ಎಲ್ಲಾ ಹೇಳಿದ್ಲು. ಅರವತ್ತಮೂರು ಹಕ್ಕಿ ಹೆಸರೂ ಹೇಳಿದ್ಲು. ಗುರುವಾರ ರಜೆ ಅಂತ ಎಷ್ಟು ಸಲ ಹೇಳೋಕ್ ಹೋದ್ರೂ ಪಪ್ಪಾ ಬಾಯಿ ಮುಚ್ಚಿಸ್ತಾರಂತೆ. ಸಾರನ್ನ ನಾವಿಬ್ರೂ ಉಂಡ್ವಿ. ಇವತ್ತಿಂದ ಒಪ್ಪತ್ತು ನಿಮ್ದು.”